ಕಪ್ತಾನನ ತಾಯಿಯ ಪರವಾಗಿ ಕಾಶಿಬಾಯಿ

ಪೋರ್ಚುಗೀಸರು ಗೋವಾ ಬಿಟ್ಟು ಹೋದ ಮೇಲೆ ಗೋವಾಕ್ಕೆ ಹೋಗಿ ಪೋರ್ಚುಗೀಸ್ ಕಲಿತ ಕನ್ನಡದ ಹೆಣ್ಣುಮಗಳು ಯಾರಾದರೂ ಇದ್ದರೆ ಅದು ನಮ್ಮ ಕಾಶಿಬಾಯಿಯೇ ಇರಬೇಕು. ಮಿಕ್ಕವರೆಲ್ಲ ಆ ಭಾಷೆಯ ಪುಸ್ತಕಗಳನ್ನು ಅಟ್ಟಕ್ಕೆ ಏರಿಸುತ್ತಿದ್ದಾಗ ಈಕೆ ಏಣಿ ಹಾಕಿಕೊಂಡು ಇಳಿಸಿಕೊಂಡರು. ಗಂಡ ತಿಪ್ಪಣ್ಣನವರಿಗೆ ಅಲ್ಲಿ ಒಂದು ಅದಿರು ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟ್ ಕೆಲಸ. ಮಡಗಾಂವಿನಲ್ಲಿ ಪಕ್ಕದ ಮನೆಯಲ್ಲೇ ಒಬ್ಬ ವಯಸ್ಸಾದ ಟೀಚರಮ್ಮ. ಆಳುವವರು ಬದಲಾದ ಮೇಲೆ ಆಕೆಯ ಹತ್ತಿರ ಪಾಠಕ್ಕೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ.

“ಮುದುಕಿ ಖಾಲಿ ಬೆಂಚಿಗೆ ಪಾಠ ಹೇಳತಿದ್ದಳ್ರೀ ಕೌಸಲ್ಯಾಬಾಯಾರ. ನೋಡಲಾರದ ನಾನ ಹೋಗಿ ಕುಂತೆ,” ಎಂದು ಕಾಶಿಬಾಯಿ ನನಗೆ ಹೇಳಿದ್ದರು. ಕುಳಿತವರು ಏಳಲಿಲ್ಲ. ತಿಪ್ಪಣ್ಣನವರಿಗೆ ಅಮೆರಿಕದ ವೀಸಾ ಬರುವ ಹೊತ್ತಿಗೆ ಕಾಶಿಬಾಯಿ ಆ ಭಾಷೆಯಲ್ಲಿ ಕಾದಂಬರಿ ಓದುವುದಷ್ಟೇ ಅಲ್ಲ, ಬೀದಿ ಕೊನೆಯ ಚರ್ಚಿನ ಪಾದ್ರಿಯ ಜೊತೆ ವಾದವನ್ನೂ ಮಾಡುತ್ತಿದ್ದರು.

ಈ ವಿದ್ಯೆ ನ್ಯೂಜೆರ್ಸಿಯಲ್ಲಿ ಯಾವ ಕೆಲಸಕ್ಕೆ ಬಂದೀತು ಎಂದು ಯಾರಾದರೂ ಕೇಳಬಹುದು. ತಿಪ್ಪಣ್ಣನವರೂ ಕೇಳಿದ್ದರು. ಆದರೆ ಅರವತ್ತೊಂಬತ್ತರ ಚಳಿಗಾಲದಲ್ಲಿ ನೂವರ್ಕಿಗೆ ಬಂದಿಳಿದು, ತಿಪ್ಪಣ್ಣನವರ ಪೇಂಟ್ ಕಾರ್ಖಾನೆಗೆ ಹತ್ತಿರವಾಗಲಿ ಎಂದು ಆ ಊರಿನ ಐರನ್‌ಬೌಂಡ್‌ನಲ್ಲಿ ಬಾಡಿಗೆ ಮನೆ ಹುಡುಕಿದರೆ, ಫೆರ್ರಿ ಸ್ಟ್ರೀಟಿನ ಉದ್ದಕ್ಕೂ ಬೇಕರಿಯವನಿಂದ ಹಿಡಿದು ಪಾದ್ರಿಯವರೆಗೆ ಪೋರ್ಚುಗೀಸರೇ. ಮನೆ ತೋರಿಸಲು ಬಂದ ಒಡತಿ ಕೈಸನ್ನೆಯಲ್ಲಿ ಗ್ಯಾಸ್ ಒಲೆಯನ್ನು ವಿವರಿಸುತ್ತಿದ್ದಾಗ, ಸೀರೆಯ ಮೇಲೆ ಕೋಟು ಹಾಕಿಕೊಂಡಿದ್ದ ಈ ಹೆಂಗಸು ಅಚ್ಚ ಪೋರ್ಚುಗೀಸಿನಲ್ಲಿ, “ಒಲಿ ಇರಲಿ ತಾಯಿ, ಬಿಸಿನೀರು ಬರತೈತೋ ಇಲ್ಲೋ ಹೇಳು” ಎಂದರಂತೆ. ಒಡತಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಸಿದರು. ಅವರೇ ದೋನಾ ಎವುಲಾಲಿಯಾ. ಕಾಶಿಬಾಯಿಯ ಬಾಯಲ್ಲಿ ಆ ಹೆಸರು ಒಂದು ವಾರವೂ ಬಾಳಲಿಲ್ಲ, ಲಾಲವ್ವ ಆಯಿತು.

ನಾನು ಮೈಸೂರಿನವಳು, ನ್ಯೂಜೆರ್ಸಿಯದೇ ಮೆಟುಚೆನ್‌ನಲ್ಲಿ ಮನೆ. ನನಗೆ ಪೋರ್ಚುಗೀಸಿನ ಗಂಧವಿಲ್ಲ. ಹಾಗಾಗಿ ಇಲ್ಲಿ ಲಾಲವ್ವ ಅಥಣಿ ಕಡೆಯ ಕನ್ನಡ ಆಡಿದರೆ ಆಶ್ಚರ್ಯಪಡಬೇಡಿ. ನನ್ನ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಕನ್ನಡ ಮಾಡುತ್ತಿದ್ದವರು ಕಾಶಿಬಾಯಿ, ಅವರ ತವರು ಅಥಣಿಯ ಹತ್ತಿರ. ನನ್ನ ಮಟ್ಟಿಗೆ ಲಿಸ್ಬನ್ ಇರುವುದು ಕೃಷ್ಣಾ ನದಿಯ ದಂಡೆಯ ಮೇಲೆ.

ಲಾಲವ್ವ ವಿಧವೆ. ಕೆಳಗಿನ ಅಂತಸ್ತಿನಲ್ಲಿ ಆಕೆ, ಮೇಲೆ ಇವರು. ಇದ್ದೊಬ್ಬ ಮಗ ರೂಯಿ ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿ, ತಾಯಿಯ ಜೊತೆ ಜಗಳವಾಡಿಕೊಂಡು ಹೋದವನು ಆಮೇಲೆ ಒಂದು ಸಾಲೂ ಬರೆದಿರಲಿಲ್ಲ. ಆ ಮಾತು ಬಂದರೆ ಲಾಲವ್ವ, “ಹೋದದ್ದ ಛಲೋ ಆತು. ಬೂಟು ಒರಸದ ಒಳಗ ಬರತಿದ್ದ” ಎಂದು ಮುಖ ತಿರುಗಿಸುತ್ತಿದ್ದರು. ಅಷ್ಟು ಖಡಾಖಂಡಿತವಾಗಿ ಹೇಳಿದರೆ ಯಾರು ತಾನೇ ನಂಬುವುದಿಲ್ಲ? ನಾವೆಲ್ಲ ನಂಬಿದ್ದೆವು.

ಶನಿವಾರ ಮಧ್ಯಾಹ್ನ ಲಾಲವ್ವನ ಮುಂದಿನ ಕೋಣೆಯಲ್ಲಿ ಓದುಕೂಟ ಸೇರುತ್ತಿತ್ತು. ನಾನು ರೈಲು ಹತ್ತಿ ಹೋಗುತ್ತಿದ್ದೆ. ನಮ್ಮ ಕನ್ನಡ ಸಂಘದ ಹೆಂಗಸರು “ಅಯ್ಯೋ, ಆ ಏರಿಯಾಗಾ?” ಎಂದು ಕಣ್ಣರಳಿಸುತ್ತಿದ್ದರು. ಅವರು ಶನಿವಾರ ಏನು ಮಾಡುತ್ತಿದ್ದರು ಎಂದರೆ, ಒಬ್ಬರ ಮನೆಯ ಕಿಟಕಿಯ ಡ್ರೇಪ್ಸ್ ಇನ್ನೊಬ್ಬರು ನೋಡಿಕೊಂಡು ಬರುತ್ತಿದ್ದರು. ನನಗೆ ಡ್ರೇಪ್ಸಿಗಿಂತ ಲಾಲವ್ವನ ಮೊಟ್ಟೆಯ ಕಡುಬು ಮೇಲು, ಮತ್ತು ಅಲ್ಲಿ ನಡೆಯುತ್ತಿದ್ದ ಜಗಳ ಅದಕ್ಕಿಂತ ಮೇಲು.

ಕೂಟದಲ್ಲಿ ಇದ್ದವರು ಇಷ್ಟೇ: ಲಾಲವ್ವ, ಕಾಶಿಬಾಯಿ, ಬ್ರೆಜಿಲ್‌ನಿಂದ ಬಂದ ಜುಲ್ಮೀರಾ ಎಂಬ ದಢೂತಿ ನಗೆಗಾತಿ, ಮತ್ತು ತಿಯೊದೋರೊ. ಈತ ಆಫ್ರಿಕಾದ ಬಳಿಯ ಕೇಪ್ ವರ್ಡಿ ದ್ವೀಪದವನು, ಕ್ಷೌರದಂಗಡಿ ಇಟ್ಟವನು. ಆ ದ್ವೀಪಗಳು ಆಗಿನ್ನೂ ಪೋರ್ಚುಗಲ್ಲಿನ ಮುಷ್ಟಿಯಲ್ಲಿದ್ದವು. ಹಾಗಾಗಿ ಲಾಲವ್ವ ಮತ್ತು ತಿಯೊದೋರೊ ಒಬ್ಬರಿಗೊಬ್ಬರು ಸಕ್ಕರೆ ಬಟ್ಟಲು ದಾಟಿಸುವಾಗಲೂ ಸ್ವಲ್ಪ ಬಿಗುಮಾನ ಇರುತ್ತಿತ್ತು.

ಎಪ್ಪತ್ತೆರಡರ ಆ ಚಳಿಗಾಲ ಅವರು ಓದಲು ಹಿಡಿದದ್ದು ಮೂರು ಪುಸ್ತಕ. ಮೊದಲನೆಯದು ಲಾಲವ್ವನದು, ಲಿಸ್ಬನ್ನಿನ ಒಬ್ಬ ಹಳೆಯ ಕಾದಂಬರಿಕಾರ ಬರೆದದ್ದು. ಒಬ್ಬ ಹಡಗಿನ ಕಪ್ತಾನ ಬಂದರಿನ ದಕ್ಕೆಯ ಮೇಲೆ ತಾಯಿಯನ್ನು ಬಿಟ್ಟು ಹೊರಡುತ್ತಾನೆ, ತಾಯಿ ಜೀವಮಾನವಿಡೀ ಕಾಯುತ್ತಾಳೆ. ಲಾಲವ್ವ ಅದನ್ನು ಓದುವಾಗ ದನಿಯೇ ಬೇರೆ ಆಗುತ್ತಿತ್ತು. ಎರಡನೆಯದು ಬ್ರೆಜಿಲ್‌ನ ಒಬ್ಬ ಲೇಖಕನದು, ಜುಲ್ಮೀರಾ ತಂದದ್ದು. ಆತ ಅದೇ ಕಪ್ತಾನನನ್ನು ಎತ್ತಿಕೊಂಡು, ಅವನು ಬ್ರೆಜಿಲ್ ತಲುಪಿ, ದಿನಸಿ ಅಂಗಡಿ ಇಟ್ಟು, ಹೊಟ್ಟೆ ಬೆಳೆಸಿಕೊಂಡು, ಯಾರಾದರೂ ಸಮುದ್ರ ಎಂದರೆ ಸಾಕು, ಓಕರಿಸುತ್ತಿದ್ದ ಎಂದು ಬರೆದಿದ್ದ. ಜುಲ್ಮೀರಾಳಿಗೆ ಅದನ್ನು ನಗದೆ ಓದಲು ಬರುತ್ತಲೇ ಇರಲಿಲ್ಲ.

ಮೂರನೆಯದು ತಿಯೊದೋರೊನ ತೆಳ್ಳನೆಯ ಪುಸ್ತಕ, ಅವನ ದ್ವೀಪದ ಒಬ್ಬ ಶಾಲಾಮಾಸ್ತರ ಬರೆದದ್ದು. ಲಿಸ್ಬನ್ನಿನ ಕಾದಂಬರಿಯಲ್ಲಿ ಕಪ್ತಾನ ದಾರಿಯಲ್ಲಿ ಒಂದು ದ್ವೀಪದಲ್ಲಿಳಿದು ಒಬ್ಬ ಹೆಂಗಸಿನಿಂದ ಕೊಡ ನೀರು ತೆಗೆದುಕೊಂಡು ಹೋಗುತ್ತಾನೆ. ಅಲ್ಲಿ ಅದು ಒಂದೇ ವಾಕ್ಯ. ಶಾಲಾಮಾಸ್ತರ ಆ ಒಂದು ವಾಕ್ಯದ ಹೆಂಗಸನ್ನು ಹಿಡಿದು ಪೂರ್ತಿ ಪುಸ್ತಕ ಬರೆದಿದ್ದಾನೆ: ಮಳೆಯಿಲ್ಲದ ನೆಲ, ಅದು ಮನೆಯಲ್ಲಿದ್ದ ಕೊನೆಯ ಕೊಡ, ಅವಳು ಕೊನೆತನಕ ದಂಡೆಯ ಮೇಲೆ ನಿಂತು ‘ನನ್ನ ಕೊಡ ಕೊಟ್ಟು ಹೋಗು’ ಎಂದು ಸಮುದ್ರಕ್ಕೆ ಕೂಗುತ್ತಾಳೆ. ಹೀಗೆ ಮೂರು ದೇಶದವರು ಒಬ್ಬರ ಮಾತಿಗೆ ಒಬ್ಬರು ಪುಸ್ತಕದಲ್ಲೇ ಉತ್ತರ ಕೊಟ್ಟುಕೊಂಡಿದ್ದರು. ಒಬ್ಬರನ್ನೊಬ್ಬರು ಕಣ್ಣಿಂದ ನೋಡಿದವರೂ ಅಲ್ಲವಂತೆ.

ಇದನ್ನು ಕೇಳಿ ಕಾಶಿಬಾಯಿ ಕುರ್ಚಿಯಿಂದ ಎದ್ದುಬಿಟ್ಟರು.

“ಕೌಸಲ್ಯಾಬಾಯಾರ, ಇದು ನಮ್ಮ ಹರದೇಶಿ-ನಾಗೇಶಿ ಅಲ್ಲೇನ್ರೀ!”

ಹಳೇ ಮೈಸೂರಿನ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನದ ತನಕ ನನಗೂ ಗೊತ್ತಿರಲಿಲ್ಲ. ಬಯಲಿನಲ್ಲಿ ಎರಡು ಮೇಳ ಎದುರುಬದುರು ನಿಂತು ದಪ್ಪು ಬಡಿಯುತ್ತ ಹಾಡುತ್ತವೆ. ಹರದೇಶಿಯವರು ಗಂಡು ಹೆಚ್ಚು ಎನ್ನುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನುತ್ತಾರೆ. ಅವರ ಪದಕ್ಕೆ ಇವರ ಪದ, ಸವಾಲಿಗೆ ಜವಾಬು. ಕಾಶಿಬಾಯಿಯ ಸೋದರತ್ತೆ ನಾಗೇಶಿ ಹಾಡುವವರು, ಆ ಮೇಳದಲ್ಲಿ ಸೋತವರ ದಪ್ಪಿಗೆ ಕಟ್ಟಿದ ತುರಾಯಿಯನ್ನು ಗೆದ್ದವರು ಎಲ್ಲರೆದುರು ಕಿತ್ತುಕೊಳ್ಳುತ್ತಿದ್ದರಂತೆ. ಸೋತವರು ಬೈಯುತ್ತಾರೆ, ನಗುತ್ತಾರೆ, ಮರುದಿನ ಒಟ್ಟಿಗೆ ಉಣ್ಣುತ್ತಾರೆ.

ಅಂದಿನಿಂದ ಓದುಕೂಟದ ರಂಗೇ ಬದಲಾಯಿತು. ಕಾಶಿಬಾಯಿ ಕುರ್ಚಿಗಳನ್ನು ಎದುರುಬದುರು ಹಾಕಿಸಿದರು. ಕಪ್ತಾನನ ಕಡೆ ಲಾಲವ್ವ, ಕೊಡದ ಹೆಂಗಸಿನ ಕಡೆ ತಿಯೊದೋರೊ, ಜುಲ್ಮೀರಾ ಯಾವ ಕಡೆ ನಗು ಜಾಸ್ತಿಯೋ ಆ ಕಡೆ. ತಿಯೊದೋರೊ ತನ್ನ ಪುಸ್ತಕದಿಂದ ಒಂದು ಪುಟ ಓದಿದರೆ ಲಾಲವ್ವ ತನ್ನ ಪುಸ್ತಕದಲ್ಲಿ ಉತ್ತರ ಹುಡುಕಬೇಕು. ಕಾಶಿಬಾಯಿ ಮಧ್ಯೆ ನಿಂತು ಬಿಸ್ಕತ್ತಿನ ಡಬ್ಬಿ ಬಡಿಯುತ್ತ, ಕಿವಿಗೆ ಕೈ ಹಚ್ಚಿ, ಅಲ್ಲೇ ಪದ ಕಟ್ಟಿ ಹಾಡುತ್ತಿದ್ದರು. ಕನ್ನಡ ಒಂದಕ್ಷರ ತಿಳಿಯದ ತಿಯೊದೋರೊ ಕೂಡ ಹಿಂದಿನಿಂದ “ಜೀ ಜೀ” ಎಂದು ದನಿಗೂಡಿಸುವುದನ್ನು ಕಲಿತುಬಿಟ್ಟ. ಇಷ್ಟು ಸೊಗಸಾದ ಸಾಹಿತ್ಯ ವಿಮರ್ಶೆಯನ್ನು ನಾನು ಯಾವ ಎಂ.ಎ. ಕ್ಲಾಸಿನಲ್ಲೂ ಕೇಳಿದವಳಲ್ಲ.

ಕೆಟ್ಟದ್ದು ಫೆಬ್ರವರಿಯ ಒಂದು ಶನಿವಾರ. ತಿಯೊದೋರೊ ಆ ಕೊಡದ ಭಾಗವನ್ನು ಓದಿ ಮುಗಿಸಿದ. ಉತ್ತರ ಎಲ್ಲಿ ಎಂದು ಲಾಲವ್ವ ಪುಟ ತಿರುವಿದರು, ಇನ್ನೊಮ್ಮೆ ತಿರುವಿದರು. ಲಿಸ್ಬನ್ನಿನವನು ಆ ಹೆಂಗಸಿನ ಬಗ್ಗೆ ಬರೆದದ್ದೇ ಒಂದು ವಾಕ್ಯ, ಉತ್ತರ ಎಲ್ಲಿಂದ ಬರಬೇಕು? ಕಾಶಿಬಾಯಿ ಡಬ್ಬಿ ಬಡಿದು, “ಸೋತ್ಯಾ ಲಾಲವ್ವ, ನಿನ್ನ ಕಪ್ತಾನ ಸೋತ!” ಎಂದು ಕೂಗಿ, ತುರಾಯಿ ಎಲ್ಲಿ ಎಂದು ಸುತ್ತ ನೋಡಿದರು. ಗೂಟಕ್ಕೆ ಲಾಲವ್ವನ ಭಾನುವಾರದ ಹ್ಯಾಟು ತೂಗುತ್ತಿತ್ತು, ಅದರಲ್ಲೊಂದು ನೀಲಿ ಗರಿ. ಕಾಶಿಬಾಯಿ ಹೋದವರೇ ಆ ಗರಿಯನ್ನು ಸರಕ್ಕನೆ ಕಿತ್ತು ತಮ್ಮ ತುರುಬಿಗೆ ಸಿಕ್ಕಿಸಿಕೊಂಡರು.

ಜುಲ್ಮೀರಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಲಾಲವ್ವ ಮಾತ್ರ ಪುಸ್ತಕ ಮುಚ್ಚಿ ಎದ್ದು, ಬಾಗಿಲು ತೆಗೆದು ಹಿಡಿದುಕೊಂಡು ನಿಂತರು. ನಾವು ಒಬ್ಬೊಬ್ಬರಾಗಿ ಹೊರಗೆ ಬಂದೆವು.

ಮರುದಿನ ಕಾಶಿಬಾಯಿ ಗರಿಯನ್ನು ಹಿಂದಕ್ಕೆ ಕೊಡಲು ಹೋದರೆ ಲಾಲವ್ವ ಬಾಗಿಲ ಸಂದಿಯಿಂದಲೇ, “ನಿನ್ನ ತುರುಬಿನಾಗ ಇಟ್ಕೊ, ಒಪ್ಪತೈತಿ” ಎಂದು ಚಿಲಕ ಹಾಕಿಕೊಂಡರು. ಶನಿವಾರದ ಕೂಟ ನಿಂತಿತು. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಮುಖ. ಪಾಪ, ಕಾಶಿಬಾಯಿ ಸೊಪ್ಪಾಗಿ ಹೋದರು. ಫೋನಿನಲ್ಲಿ ಅವರ ದನಿ ಕೇಳಿದರೆ ನನಗೇ ಸಂಕಟವಾಗುತ್ತಿತ್ತು.

“ಆಟದಾಗ ಮಾಡಿದ್ದಕ್ಕ ಇಷ್ಟು ಸಿಟ್ಟ ಏನ್ರೀ? ನಮ್ಮ ಕಡೆ ಇದಕ್ಕ ಯಾರೂ ಬ್ಯಾಸರ ಮಾಡ್ಕೊಳ್ಳಾಂಗಿಲ್ಲ.”

“ಅವರು ನಿಮ್ಮ ಕಡೆಯೋರಲ್ಲವಲ್ಲ ಕಾಶಿಬಾಯಿ,” ಎಂದೆ.

“ನಮ್ಮ ಕಡಿಯಾಕಿನ ಅಂತ ತಿಳಿದಿದ್ದೆ,” ಎಂದು ಅವರು ಫೋನಿಟ್ಟರು.

ಈ ಸಂದರ್ಭಕ್ಕೇ ಕಾಯುತ್ತಿದ್ದವರು ತಿಪ್ಪಣ್ಣನವರು. ಅವರಿಗೆ ಮೊದಲಿನಿಂದಲೂ ದೂರದ ಹಿಲ್ಸ್‌ಬರೋ ಕಡೆ ಹುಲ್ಲುಹಾಸಿನ ಮನೆ ಕೊಳ್ಳುವ ಚಪಲ. ಸಂಘದ ದ್ವಾರಕಾನಾಥರು ಕೊಂಡಿದ್ದಾರೆ, ಗಣಪತಿಯವರು ಕೊಂಡಿದ್ದಾರೆ, ಅವರಿಬ್ಬರೂ ವಾರವಿಡೀ ಕಮ್ಯೂಟ್ ಮಾಡಿ ಭಾನುವಾರ ಹುಲ್ಲು ಕತ್ತರಿಸಿ ಸುಖವಾಗಿದ್ದಾರೆ. “ಮಾತಾಡ್ಸದಾಕಿ ಮನ್ಯಾಗ ಯಾಕಿರಬೇಕು? ಮುಂದಿನ ತಿಂಗಳ ಮನಿ ನೋಡಾಕ ಹೋಗೂಣ,” ಎಂದು ಬ್ರೋಕರ್ ಒಬ್ಬನಿಗೆ ಮಾತೂ ಕೊಟ್ಟರು. ಅಲ್ಲಿಗೆ ಹೋದರೆ ಕಾಶಿಬಾಯಿಗೆ ಕಾರು ಡ್ರೈವ್ ಮಾಡಲು ಬರದು, ಪುಸ್ತಕ ಕೊಡುವವರಿಲ್ಲ, ಜಗಳವಾಡುವವರಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಲಾಲವ್ವ ಇಲ್ಲ. ಒಲೆ ಹಚ್ಚುವ ಮೊದಲು ಒಮ್ಮೆ ಕೆಳಗೆ ಹೋಗಿ ಬಾರದಿದ್ದರೆ ಕಾಶಿಬಾಯಿಗೆ ಬೆಳಗಾಗುತ್ತಿರಲಿಲ್ಲ.

ಕಾಶಿಬಾಯಿ ನನ್ನನ್ನು ಎಳೆದುಕೊಂಡು ತಿಯೊದೋರೊನ ಅಂಗಡಿಗೆ ಹೋದರು. ಕ್ಷೌರದ ಕುರ್ಚಿಯಲ್ಲಿ ಗಿರಾಕಿ ಇರಲಿಲ್ಲ, ಅಲ್ಲಿ ಕಾಶಿಬಾಯಿಯೇ ಕುಳಿತರು.

“ಲಾಲವ್ವಗ ಏನಾಗೇತಿ ಹೇಳು. ಒಂದು ಪುಕ್ಕಕ್ಕ ಇಷ್ಟ್ಯಾಕ?”

ತಿಯೊದೋರೊ ಕತ್ತರಿ ಕೆಳಗಿಟ್ಟ. ಅವನು ಹೇಳಿದ್ದನ್ನು ಕಾಶಿಬಾಯಿ ನನಗೆ ಕೂಡಲೇ ಕನ್ನಡ ಮಾಡಿ ಹೇಳಲಿಲ್ಲ. ಆಮೇಲೆ, ರಸ್ತೆಗೆ ಬಂದ ಮೇಲೆ ಹೇಳಿದರು. ಆ ಹ್ಯಾಟು ಹಾಕಿಕೊಂಡು ಲಾಲವ್ವ ಭಾನುವಾರ ಚರ್ಚಿಗೆ ಮಾತ್ರ ಹೋಗುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಬಂದರಿನ ಹತ್ತಿರ ನಾವಿಕರು ಉಳಿದುಕೊಳ್ಳುವ ಮನೆಗೆ ಬಸ್ಸು ಹತ್ತಿ ಹೋಗಿ, ಹೊಸದಾಗಿ ಬಂದ ಹಡಗಿನವರನ್ನೆಲ್ಲ ನಿಲ್ಲಿಸಿ, ರೂಯಿಯನ್ನು ಎಲ್ಲಾದರೂ ಕಂಡಿರಾ ಎಂದು ಕೇಳುತ್ತಿದ್ದರು. ತಿಯೊದೋರೊನ ಗಿರಾಕಿಗಳಲ್ಲಿ ಹಡಗಿನವರಿದ್ದರು, ಅವರಿಂದ ಅವನಿಗೆ ಗೊತ್ತು. ಬಡವಳ ಹಾಗೆ ಕಾಣಬಾರದು, ಮಗ ಬಿಟ್ಟು ಹೋದವಳ ಹಾಗೆ ಕಾಣಬಾರದು ಎಂದು ಅಲ್ಲಿಗೆ ಗರಿಯ ಹ್ಯಾಟು.

“ದಕ್ಕಿ ಮ್ಯಾಲಿನ ತಾಯಿ ಆಕೀನ ಅದಾಳ್ರೀ,” ಎಂದು ಕಾಶಿಬಾಯಿ ಫೆರ್ರಿ ಸ್ಟ್ರೀಟಿನ ನಡುವೆ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡರು. “ಕಪ್ತಾನನ ಕಡಿ ಯಾಕ ಇಷ್ಟು ಹೊಡದಾಡತಾಳ ಅಂತ ನನಗ ತಿಳೀಲಿಲ್ಲ. ನಾ ಆಕಿ ಮಗನ್ನ ಸೋಲಿಸಿ, ಪುಕ್ಕ ಮುಡದು ಕುಣದೆ.”

ಹೋಗಿ ಕ್ಷಮೆ ಕೇಳಿ ಎಂದೆ. ಚಿಲಕ ತೆಗೆದರಲ್ಲವೇ ಕೇಳುವುದು? ಮೇಲಾಗಿ, ನಿನ್ನ ಗುಟ್ಟು ನಮಗೆ ಗೊತ್ತು ಎಂದು ಹೇಳಿದರೆ ಆ ಸ್ವಾಭಿಮಾನಿ ಮುದುಕಿ ಇನ್ನೆಂದೂ ಮುಖ ತೋರಿಸುವವರಲ್ಲ. ಆಗ ಕಾಶಿಬಾಯಿಗೆ ಅತ್ತೆಯ ಮೇಳದ ಇನ್ನೊಂದು ರೂಢಿ ನೆನಪಾಯಿತು. ಎದುರಿನವರಿಗೆ ಜವಾಬು ಹೊಳೆಯದೆ ಬಾಯಿ ಕಟ್ಟಿದರೆ, ಗೆದ್ದವರು ಹಾಗೇ ಎದ್ದು ಹೋಗುವಂತಿಲ್ಲ. ಸೋತವರ ಪರವಾಗಿ ತಾವೇ ಒಂದು ಪದ ಕಟ್ಟಿ ಹಾಡಿ, ಆಮೇಲೆ ದಪ್ಪು ಕೆಳಗಿಡಬೇಕು.

“ಕೊಡದಾಕಿಗೆ ಕಪ್ತಾನನ ತಾಯಿ ಏನಂತಾಳ, ಯಾವ ಪುಸ್ತಕದಾಗೂ ಇಲ್ಲ. ಮೂರೂ ಮಂದಿ ಗಂಡಸರು ಬರದಾರ, ತಾಯೀನ ದಕ್ಕಿ ಮ್ಯಾಲೆ ನಿಲ್ಲಿಸಿ ಮರತು ಬಿಟ್ಟಾರ. ನಾ ಬರೀತೀನಿ,” ಎಂದರು.

ಬರೆದರು. ಪೋರ್ಚುಗೀಸಿನಲ್ಲೇ, ರೊಟ್ಟಿ ತಟ್ಟುತ್ತ ಬರೆದರು, ಲಾಂಡ್ರಿಯಲ್ಲಿ ಬಟ್ಟೆ ತಿರುಗುತ್ತಿದ್ದಾಗ ಬರೆದರು. ಬ್ರೆಜಿಲ್‌ನವನಿಂದ ಒಂದು ವಾಕ್ಯ ಕದ್ದರು, ಶಾಲಾಮಾಸ್ತರನಿಂದ ಎರಡು. ಕದ್ದರೆ ತಪ್ಪಲ್ಲವೇ ಎಂದರೆ, “ಅವರೂ ಕದ್ದಾರಲ್ಲ” ಎಂಬ ಉತ್ತರ ಬಂತು. ತಿಪ್ಪಣ್ಣನವರು ಮನೆಗಳ ಫೋಟೋ ಇರುವ ಬ್ರೋಷರ್ ಮೇಜಿನ ಮೇಲೆ ಹರಡಿದರೆ ಅದರ ಹಿಂಬದಿಯಲ್ಲೂ ಬರೆದರು.

ಮನೆ ನೋಡಲು ಹೋಗಬೇಕಾಗಿದ್ದ ಶನಿವಾರ ಕಾಶಿಬಾಯಿ ಹೋಗಲಿಲ್ಲ. ತಮ್ಮ ಅಡಿಗೆಮನೆಯಲ್ಲೇ ಕೂಟ ಕರೆದರು: ಜುಲ್ಮೀರಾ, ತಿಯೊದೋರೊ, ನಾನು. ಲಾಲವ್ವನನ್ನು ಕರೆಯಲಿಲ್ಲ. ಆದರೆ ಮೆಟ್ಟಿಲ ಕಡೆಯ ಬಾಗಿಲನ್ನು ಹಾರುಹೊಡೆದು, ಅದಕ್ಕೆ ಅಕ್ಕಿ ಚೀಲ ಒತ್ತಿಟ್ಟರು. ಆ ಮನೆಯಲ್ಲಿ ಮೇಲೆ ಕೆಮ್ಮಿದರೆ ಕೆಳಗೆ ಕೇಳುತ್ತಿತ್ತು. ತಿಪ್ಪಣ್ಣನವರು ಕೋಟು ಹಾಕಿಕೊಂಡು, ಕೈಯಲ್ಲಿ ಕಾರಿನ ಕೀಲಿ ಹಿಡಿದು ಮುಖ ಊದಿಸಿಕೊಂಡು ಕುಳಿತಿದ್ದರು.

ಕಾಶಿಬಾಯಿ ಅಂಗಳದಲ್ಲಿ ಹಾಡುವವರ ಹಾಗೆ ದನಿ ಎತ್ತಿ ಓದಿದರು, ಜುಲ್ಮೀರಾ ಕಿವಿ ಮುಚ್ಚಿಕೊಂಡಳು. ಬರೆದದ್ದನ್ನು ನನಗೆ ಮುಂಚೆಯೇ ಹೇಳಿದ್ದರಿಂದ ಅರ್ಥ ಗೊತ್ತಿತ್ತು. ಕಪ್ತಾನನ ತಾಯಿ ದಕ್ಕೆಯ ಮೇಲೆ ನಿಂತು ದ್ವೀಪದ ಹೆಂಗಸಿಗೆ ಹೇಳುತ್ತಾಳೆ: ತಂಗಿ, ನನ್ನ ಮಗನಿಗೆ ನೀರು ಕೊಟ್ಟವಳು ನೀನು. ನಿನ್ನ ಮನೆ ತಣ್ಣಗಿರಲಿ. ನಾನು ಎಲ್ಲರನ್ನೂ ಕ್ಷಮಿಸಿದ್ದೇನೆ, ಸಮುದ್ರವನ್ನೂ ಕ್ಷಮಿಸಿದ್ದೇನೆ.

ಕೆಳಗಿನ ಬಾಗಿಲು ಧಡಾರನೆ ತೆರೆಯಿತು.

“ಸುಳ್ಳು!”

ಈ ಒಂದು ಮಾತನ್ನು ನನಗೆ ಯಾರೂ ಕನ್ನಡ ಮಾಡಬೇಕಾಗಲಿಲ್ಲ. ಲಾಲವ್ವ ಏಪ್ರನ್‌ನಲ್ಲೇ, ಕೈಯಲ್ಲಿ ಸೌಟು ಹಿಡಿದು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ತಿಪ್ಪಣ್ಣನವರು ಗಾಬರಿಯಾಗಿ ಎದ್ದು ನಿಂತರು. ಕಾಶಿಬಾಯಿ ನನ್ನ ಕಿವಿಯ ಹತ್ತಿರ ಬಂದು, ಹೆದರಿಕೆಯಲ್ಲೂ ಬಿಡದೆ, ಕನ್ನಡ ಮಾಡತೊಡಗಿದರು.

“ಯಾವ ತಾಯಿ ಹಿಂಗ ಮಾತಾಡತಾಳ? ಕ್ಷಮಾ ಅಂತ, ತಣ್ಣಗಿರಲಿ ಅಂತ! ಚರ್ಚಿನಾಗಿನ ಗೊಂಬಿ ಮಾಡಿಟ್ಟಿ ಆಕೀನ. ನೀ ಏನ ಬಲ್ಲಿ?”

“ಗೊತ್ತಿಲ್ಲ ಲಾಲವ್ವ. ಅದಕ್ಕ ತಪ್ಪು ಬರದೀನಿ. ನೀನ ಹೇಳು, ಆಕಿ ಏನಂತಾಳ?”

ಲಾಲವ್ವ ಸೌಟು ಎತ್ತಿ ಏನೋ ಬೈಯಲು ಹೊರಟವರು ನಿಂತರು. ತಿಯೊದೋರೊನ ಕಡೆ ತಿರುಗಿದರು. ಅವನ ತೊಡೆಯ ಮೇಲೆ ಆ ತೆಳ್ಳನೆಯ ಪುಸ್ತಕ ಇತ್ತು. ಅವನನ್ನೇ ಆ ದ್ವೀಪದ ಹೆಂಗಸು ಎಂದುಕೊಂಡರೋ ಏನೋ, ದನಿ ಇಳಿಸಿ ಕೇಳಿದರು.

“ಮೊದಲ ಕೇಳೋದು ಅಂದ್ರ, ಅವ ಸೊರಗಿದ್ದನ?”

ನಗೆಗಾತಿ ಜುಲ್ಮೀರಾ ಬಾಯಿಗೆ ಕೈ ಇಟ್ಟುಕೊಂಡಿದ್ದಳು. ತಿಯೊದೋರೊ ಪುಸ್ತಕ ತೆರೆದು, ಅಲ್ಲಿ ಬರೆದಿದೆಯೇನೋ ಎಂಬಂತೆ ಪುಟದ ಮೇಲೆ ಬೆರಳಿಟ್ಟ.

“ಇಲ್ಲವ್ವಾ. ಮೈ ಕೈ ತುಂಬಿಕೊಂಡಿದ್ದ. ಬಿಸಿಲಿಗೆ ಸ್ವಲ್ಪ ಕರ್ರಗಾಗಿದ್ದ, ಅಷ್ಟ.”

“ಉಂಡನ?”

“ಉಂಡ. ಜೋಳ, ಅವರಿಕಾಳು ಬೇಯಿಸಿ ಹಾಕಿದೆ. ಎರಡ ಸಲ ನೀಡಿಸಿಕೊಂಡ.”

ಲಾಲವ್ವ ಒಂದು ಹೆಜ್ಜೆ ಮುಂದೆ ಬಂದರು.

“ನನ್ನ ಬಗ್ಗೆ ಏನರ ಅಂದನ?”

ತಿಯೊದೋರೊ ಪುಟ ತಿರುವಿದ. ಅವನು ಒಳ್ಳೆಯ ಮಾತು ಹೇಳುತ್ತಾನೆ, ಅವ್ವನನ್ನು ನೆನೆದು ಅತ್ತ ಎನ್ನುತ್ತಾನೆ ಎಂದು ನಾನು ಕಾದೆ. ಅವನು ಹಾಗೆ ಹೇಳಲಿಲ್ಲ. ಲಾಲವ್ವನ ಮುಖ ನೋಡಿ, ಸ್ವಲ್ಪ ಸಿಡುಕಿನಿಂದಲೇ, ಕಷ್ಟಪಟ್ಟು ಅಡುಗೆ ಮಾಡಿ ಬಡಿಸಿದವಳ ದನಿಯಲ್ಲಿ ಹೇಳಿದ.

“ಅಂದ. ಎರಡನೇ ಸಲ ನೀಡಿಸಿಕೊಂಡ ಮ್ಯಾಲೆ, ‘ಛಲೋ ಐತಿ, ಆದ್ರ ನಮ್ಮವ್ವ ಮಾಡಿದಾಂಗ ಇಲ್ಲ’ ಅಂದ. ನನಗ ಭಾಳ ಸಿಟ್ಟ ಬಂತು.”

ಲಾಲವ್ವನ ಗಂಟಲಿನಿಂದ ಒಂದು ಸದ್ದು ಬಂತು. ಅಳು ಎಂದುಕೊಂಡೆ, ಅದು ನಗು. ಸೌಟನ್ನು ಕಾಶಿಬಾಯಿಯ ಮೇಜಿನ ಮೇಲಿಟ್ಟು, ಮನೆಗಳ ಬ್ರೋಷರನ್ನು ಪಕ್ಕಕ್ಕೆ ತಳ್ಳಿ, ಕುರ್ಚಿ ಎಳೆದುಕೊಂಡು ಕುಳಿತರು. ಏಪ್ರನ್ನಿನ ತುದಿಯಿಂದ ಕಣ್ಣು ಒರೆಸಿಕೊಂಡರು.

“ಕಳ್ಳ,” ಎಂದರು. “ಅವ ಹಂಗ ಅಂದಿರತಾನ.”